ಪೊವಾಯಿ ಕೆರೆಗೆ ಒಂದು ಬುತ್ತಿ

ಮುಂಬಯಿಯಲ್ಲಿದ್ದುಕೊಂಡು ಕೆರೆ ನೋಡಲು ಹೋಗುತ್ತೇವೆಂದರೆ ನಗುವವರೇ ಹೆಚ್ಚು. ಅರಬ್ಬೀ ಸಮುದ್ರವನ್ನೇ ಮಗ್ಗುಲಲ್ಲಿಟ್ಟುಕೊಂಡವರಿಗೆ ಕೆರೆಯ ಹಂಬಲವೇತಕ್ಕೆ ಎಂದು ಕೇಳುತ್ತಾರೆ. ಸಮುದ್ರದ ಮುಂದೆ ನಿಂತಾಗ ಮನುಷ್ಯ ಸುಮ್ಮನೆ ನೋಡುತ್ತಾನೆ, ಕಡಲೆಕಾಯಿ ತಿನ್ನುತ್ತಾನೆ, ಮನೆಗೆ ಬರುತ್ತಾನೆ. ಕೆರೆಯ ದಂಡೆಯಲ್ಲಿ ಕುಳಿತರೆ ಊರು ನೆನಪಾಗುತ್ತದೆ. ಘಾಟ್‌ಕೋಪರಿನ ಮೂರನೆಯ ಮಹಡಿಯಲ್ಲಿ ಸಂಸಾರ ಹೂಡಿ ಇಪ್ಪತ್ತೆರಡು ವರ್ಷ ಕಳೆದ ಮೇಲೆ ಈ ಸತ್ಯ ನಮಗೆ ಹೊಳೆಯಿತು. ಅದೂ ನಮ್ಮ ಬುದ್ಧಿಯಿಂದಲ್ಲ, ನಮ್ಮ ತಂದೆಯವರ ದೆಸೆಯಿಂದ.

ತಂದೆಯವರು ಕೊಳ್ಳೇಗಾಲದ ಕಡೆಯವರು. ಕಾವೇರಿಯ ದಂಡೆಯ ಹಳ್ಳಿಯಲ್ಲಿ ಹುಟ್ಟಿ, ಅಲ್ಲಿಯೇ ಎಪ್ಪತ್ತೆಂಟು ವರ್ಷ ಬಾಳಿದವರು. ಹೋದ ವರ್ಷ ತಾಯಿಯವರು ತೀರಿಕೊಂಡರು. ಒಬ್ಬರೇ ಇರುವುದು ಬೇಡವೆಂದು ನಾವು ಬಲವಂತ ಮಾಡಿ ಅವರನ್ನು ಮುಂಬಯಿಗೆ ಕರೆತಂದೆವು. ಬಂದವರು ಬಾಲ್ಕನಿಯ ಕುರ್ಚಿಯಲ್ಲಿ ಕುಳಿತರು. ಊಟಕ್ಕೆ ಕರೆದರೆ ಬರುವರು, ಉಂಡು ಮತ್ತೆ ಅಲ್ಲಿಯೇ ಹೋಗಿ ಕುಳಿತುಕೊಳ್ಳುವರು. ನೆರೆಹೊರೆಯವರ ಮರಾಠಿ ಅವರಿಗೆ ತಿಳಿಯದು, ಟೆಲಿವಿಷನ್ನಿನ ಹಿಂದಿ ಬೇಡ. ನಮ್ಮ ಚಿರಂಜೀವಿಗೆ ಹದಿಮೂರು ವರ್ಷ. ಅವನ ಕನ್ನಡವೋ, ‘ತಾತ, ಖಾನಾ ಆಯ್ತಾ?’ ಎಂಬಲ್ಲಿಗೆ ಮುಗಿಯುತ್ತಿತ್ತು. ತಾತನೂ ಮೊಮ್ಮಗನೂ ಒಂದೇ ಮನೆಯಲ್ಲಿದ್ದು ಎರಡು ರಾಜ್ಯಗಳವರಂತಿದ್ದರು. ಮೂರು ತಿಂಗಳಾಗುವ ಹೊತ್ತಿಗೆ ತಂದೆಯವರು, ‘ನನ್ನ ಊರಿಗೆ ಕಳಿಸ್ಬುಡು ಮಗ’ ಎಂದು ದಿನಕ್ಕೊಮ್ಮೆ ಹೇಳಲಾರಂಭಿಸಿದರು.

ಹೀಗಿರುವಾಗ ನಮ್ಮ ಕಚೇರಿಯ ಮಿತ್ರರೊಬ್ಬರು, ಗಾಳ ಹಾಕುವ ಹವ್ಯಾಸದವರು, ಒಂದು ಆದಿತ್ಯವಾರ ನಮ್ಮನ್ನು ಪೊವಾಯಿಗೆ ಆಹ್ವಾನಿಸಿದರು. ಅಲ್ಲಿ ಗಾಳಗಾರರ ಸಂಘವೇ ಇದೆ, ಮಹಾರಾಷ್ಟ್ರ ಸ್ಟೇಟ್ ಆಂಗ್ಲಿಂಗ್ ಅಸೋಸಿಯೇಷನ್ ಎಂದು. ಮನಬಂದಂತೆ ಹೋಗಿ ಗಾಳ ಬಿಡುವ ಜಾಗ ಅದಲ್ಲ. ನಿಯಮಗಳನ್ನು ವಿಚಾರಿಸಿ, ಅನುಮತಿ ಪಡೆದು ಹೋಗತಕ್ಕದ್ದು. ನಾವು ಮಿತ್ರರ ಅತಿಥಿಗಳಾಗಿ ಹೋದೆವು.

ಹೋಗುವ ದಾರಿ ಸುಲಭ. ಘಾಟ್‌ಕೋಪರಿನಿಂದ ಲೋಕಲ್ ಗಾಡಿ ಹತ್ತಿದರೆ ವಿಖ್ರೋಳಿಯಾದ ಮೇಲೆ ಕಾಂಜೂರ್‌ಮಾರ್ಗ. ಅಲ್ಲಿಳಿದು ಪಶ್ಚಿಮಕ್ಕೆ ಬಂದು ಆಟೋರಿಕ್ಷಾ ಹಿಡಿದರೆ ಐ.ಐ.ಟಿ.ಯ ಹೆಬ್ಬಾಗಿಲು ದಾಟಿ ಜೋಗೇಶ್ವರಿ–ವಿಖ್ರೋಳಿ ರಸ್ತೆಯ ಬಲಕ್ಕೆ ಥಟ್ಟನೆ ನೀರು ಕಾಣುತ್ತದೆ. ಎಡಕ್ಕೆ ಆಕಾಶಕ್ಕೆ ಏಣಿ ಹಾಕಿದಂತಹ ಮಹಲುಗಳು, ಬಲಕ್ಕೆ ಕೆರೆ, ಕೆರೆಯಾಚೆ ಹಸಿರು ಗುಡ್ಡ. ಬೆಳಗಿನ ಆರೂವರೆಗೆ ನಾವು ರಿಕ್ಷಾ ಇಳಿದಾಗ ಗುಡ್ಡದ ಮೇಲೆ ಇನ್ನೂ ಮಂಜಿತ್ತು. ತಂದೆಯವರು ರಸ್ತೆಯ ಅಂಚಿನಲ್ಲಿ ನಿಂತವರು ನಿಂತೇ ಇದ್ದರು. ಆಮೇಲೆ, ‘ಈ ಊರಲ್ಲಿ ಇದೂ ಅದಾ?’ ಎಂದರು. ಆ ವಾರದಲ್ಲಿ ಅವರು ಆಡಿದ ಅತಿ ಉದ್ದದ ಮಾತು ಅದು.

ಈ ಕೆರೆ ದೇವರು ಮಾಡಿದ್ದಲ್ಲ. ಮುಂಬಯಿಯ ಬಾಯಾರಿಕೆಗೆಂದು ಮೊದಲು 1860ರಲ್ಲಿ ವಿಹಾರ್ ಕೆರೆಯಾಯಿತು, 1879ರಲ್ಲಿ ತುಳಸಿ ಕೆರೆಯಾಯಿತು. ಅದೂ ಸಾಲದೆ 1891ರಲ್ಲಿ ವಿಹಾರದ ಕೆಳಗೆ ಹರಿಯುವ ಹಳ್ಳಕ್ಕೆ ಕಟ್ಟೆ ಕಟ್ಟಿ ಪೊವಾಯಿಯನ್ನು ಮಾಡಿದರು. ಆದರೆ ನೀರು ಕುಡಿಯಲು ಯೋಗ್ಯವಲ್ಲವೆಂದಾಯಿತು. ಊರಿಗೆ ನೀರು ಕೊಡಲೆಂದು ಹುಟ್ಟಿದ ಕೆರೆ ಹೀಗೆ ಊರಿಗೆ ಬೇಡವಾಯಿತು. ಪೊವಾಯಿ ಎಂಬ ಹೆಸರು ಪದ್ಮಾವತಿ ದೇವಿಯಿಂದ ಬಂತೆಂದು ಹೇಳುವವರುಂಟು. 1958ರಲ್ಲಿ ಇಲ್ಲಿ ಐ.ಐ.ಟಿ. ಸ್ಥಾಪನೆಯಾಯಿತಷ್ಟೆ, ಅದರ ಆವರಣದೊಳಗೆ ಕೆರೆಯ ಕಡೆಗೆ ಆ ದೇವಿಯ ಗುಡಿ ಈಗಲೂ ಇದೆ. ಮಳೆಗಾಲದಲ್ಲಿ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಮಿಠೀ ನದಿಗೆ ಸೇರುತ್ತದೆ.

ಕೆರೆಯ ಕಷ್ಟಗಳೂ ಕಣ್ಣಿಗೆ ಬೀಳದೆ ಇರವು. ಅಂತರಗಂಗೆಯಂತಹ ಜಲಕಳೆ ನೀರಿನ ಮೇಲೆ ಹಸಿರು ಕಂಬಳಿ ಹೊದಿಸಿದೆ. ಸುತ್ತಲಿನ ವಸತಿಗಳ ಕೊಳಚೆಯೇ ಅದಕ್ಕೆ ಗೊಬ್ಬರ. ದಂಡೆಯಲ್ಲಿ ಸೈಕಲ್ ದಾರಿ ಮಾಡಹೊರಟಾಗ ಮೊಕದ್ದಮೆಯಾಗಿ, ಮುಂಬಯಿಯ ಉಚ್ಚ ನ್ಯಾಯಾಲಯವು 2022ರಲ್ಲಿ ಆ ಕಾಮಗಾರಿಯನ್ನು ಕಾನೂನುಬಾಹಿರವೆಂದು ಸಾರಿತು. ಮೊಸಳೆಗಳೂ ಇವೆ. ಇವು ಕಟ್ಟುಕಥೆಯ ಮೊಸಳೆಗಳಲ್ಲ, ನಿಜವಾದ ಮೊಸಳೆಗಳು. ಆದ್ದರಿಂದ ಮಕ್ಕಳನ್ನು ಕರೆದೊಯ್ಯುವ ವಾಚಕರು ನೀರಿನ ಅಂಚಿಗೆ ಇಳಿಯಗೊಡಬಾರದು.

ನಮ್ಮ ಮಿತ್ರರು ಕೋಲು, ರೀಲು, ನೈಲಾನ್ ದಾರ ಎಲ್ಲವನ್ನೂ ಹರಡಿದರು. ಕೊನೆಯಲ್ಲಿ ಒಂದು ಡಬ್ಬಿಯಿಂದ ವಿಚಿತ್ರವಾದ ಒಂದು ವಸ್ತುವನ್ನು ತೆಗೆದರು. ಬೆರಳುದ್ದದ ಜಾಲರಿಯ ಕೊಳವೆ, ಅದರ ಪಕ್ಕಕ್ಕೆ ತೂಕದ ಒಂದು ಪಟ್ಟಿ. ಅದಕ್ಕೆ ಫೀಡರ್ ಎಂದು ಹೆಸರಂತೆ. ಕೊಳವೆಯೊಳಗೆ ಹಿಟ್ಟು ತುಂಬಿ ದಾರಕ್ಕೆ ಕಟ್ಟಿ ಎಸೆದರೆ ಅದು ತಳಕ್ಕೆ ಹೋಗಿ ಕೂರುತ್ತದೆ. ಹಿಟ್ಟು ಮೆಲ್ಲಗೆ ಕರಗಿ ಹರಡುತ್ತದೆ. ವಾಸನೆಗೆ ಮೀನು ಬರುತ್ತದೆ. ಬಂದ ಮೀನಿಗೆ ಹಿಟ್ಟಿನ ನಡುವೆ ಕೊಕ್ಕೆಯ ಎರೆಯೂ ಸಿಕ್ಕುತ್ತದೆ. ತಂದೆಯವರು ಅದನ್ನು ಅಂಗೈಯಲ್ಲಿಟ್ಟು ಹೊರಳಿಸಿ ನೋಡಿ, ‘ಓ, ಬುತ್ತಿ!’ ಎಂದರು. ಅಂದಿನಿಂದ ನಮ್ಮ ಮನೆಯಲ್ಲಿ ಫೀಡರಿಗೆ ಬುತ್ತಿ ಎಂದೇ ಹೆಸರು.

ಮನೆಗೆ ಬಂದ ಮೇಲೆ ತಂದೆಯವರು ಕಾವೇರಿಯ ಕಥೆ ತೆಗೆದರು. ಅವರ ಬಾಲ್ಯದಲ್ಲಿ ಗಟ್ಟಿಯಾಗಿ ಬೇಯಿಸಿದ ರಾಗಿಮುದ್ದೆಯನ್ನು ಆರಿಸಿ, ನಾದಿ, ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿ ಕೊಕ್ಕೆಗೆ ಮೆತ್ತುತ್ತಿದ್ದರಂತೆ. ಸಣ್ಣ ಮೀನುಗಳು ಎಷ್ಟು ಕುಟುಕಿದರೂ ಅದು ಕರಗದು. ದೊಡ್ಡ ಬಿಳಿಮೀನು ಬಂದು ಒಂದೇ ಗುಟುಕಿಗೆ ನುಂಗಬೇಕು. ಈ ಬಿಳಿಮೀನೇ ಇಂಗ್ಲಿಷರ ಮಹಶೀರ್. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ, ಎಂದರೆ ಸುಮಾರು 54 ಕಿಲೋಗ್ರಾಮಿನ ಮಹಶೀರನ್ನು ಹಿಡಿದದ್ದು ಇಂದಿಗೂ ಪ್ರಸಿದ್ಧವಾಗಿದೆ. ಅಂತಹ ಮೀನಿನ ಕುಲವೇ ಈಗ ಅಳಿವಿನ ಅಂಚಿಗೆ ಬಂದಿದೆ. ಕಾವೇರಿಯ ಡುಬ್ಬದ ಮಹಶೀರನ್ನು 2018ರಲ್ಲಿ ಅತಿ ಹೆಚ್ಚು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದ್ದಾರೆ. ಇದನ್ನು ಹೇಳಿದಾಗ ತಂದೆಯವರು ಬಹಳ ಹೊತ್ತು ಸುಮ್ಮನಿದ್ದರು.

ಮೀನಿಗೆ ಹಿಟ್ಟು ಹಾಕಿ ಕರೆಯುವ ವಿದ್ಯೆ ಪರದೇಶದ್ದೆಂದು ತಿಳಿಯಬೇಕಾಗಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಒಂದು ಭಾಗವೇ ಇದೆ. ಮೀನುಗಳ ಜಾತಿಗಳು, ಅವಕ್ಕೆ ಹಾಕುವ ಆಹಾರ, ಗಾಳದ ಸಲಕರಣೆ ಎಲ್ಲವೂ ಅದರಲ್ಲಿ ಬರುತ್ತವೆ. ಇಂದಿನ ಬಸವಕಲ್ಯಾಣದಿಂದ ಆಳಿದ ಅರಸನೇ ಗಾಳದ ಶಾಸ್ತ್ರ ಬರೆದಿರುವಾಗ ನಾವು ಪ್ರಜೆಗಳು ನಾಚುವುದೇಕೆ?

ಅಂಗಡಿಯಲ್ಲಿ ಫೀಡರುಗಳು ಸಿಗುತ್ತವೆ, ಬೆಲೆಯೇನೂ ಆಕಾಶಕ್ಕೇರಿಲ್ಲ. ಆದರೆ ತಂದೆಯವರು, ‘ಇಷ್ಟಕ್ಕೆ ದುಡ್ಡು ಕೊಡದಾ? ನಾವೇ ಮಾಡುಮ, ಬಾರ್ಲಾ ಮಗ’ ಎಂದು ಮೊಮ್ಮಗನನ್ನು ಕರೆದರು. ಹೀಗೆ ನಮ್ಮ ಅಡಿಗೆಮನೆಯ ಪಕ್ಕದ ನಾಲ್ಕಡಿ ಜಾಗ ಕಾರ್ಖಾನೆಯಾಯಿತು.

ಮೊದಲನೆಯ ಪ್ರಯೋಗ ತಂತಿಯದು. ಗಾಲ್ವನೈಸ್ ಮಾಡಿದ, ಎರಡು ಮಿಲಿಮೀಟರಿಗಿಂತ ತುಸು ತೆಳುವಾದ ತಂತಿಯನ್ನು ಪೊರಕೆಯ ಹಿಡಿಗೆ ಸುತ್ತಿದರೆ ಸುರುಳಿಯಾಗುತ್ತದೆ. ಐದು ಸೆಂಟಿಮೀಟರ್ ಉದ್ದ ಸಾಕು. ಸುರುಳಿಯ ಸುತ್ತ ಹಿಟ್ಟನ್ನು ಮೆತ್ತಿ ಉಂಡೆ ಮಾಡಿದರೆ ಸುತ್ತುಗಳು ಹಿಟ್ಟನ್ನು ಹಿಡಿದುಕೊಳ್ಳುತ್ತವೆ. ನಮ್ಮ ದೇಶದ ಕೆರೆಗಳಲ್ಲಿ ಗಾಳ ಹಾಕುವವರು ಬಹಳವಾಗಿ ಬಳಸುವುದು ಈ ಸ್ಪ್ರಿಂಗ್ ಬುತ್ತಿಯನ್ನೇ.

ಎರಡನೆಯದು ಕೊಳವೆಯದು. ಇಂಗ್ಲೆಂಡಿನಲ್ಲಿ ಹಿಂದೆ ಗಾಳಗಾರರು ಹೆಂಗಸರ ಕೂದಲು ಸುರುಳಿ ಮಾಡುವ ಪ್ಲಾಸ್ಟಿಕ್ ಕರ್ಲರುಗಳನ್ನೇ ಫೀಡರಾಗಿಸಿದ್ದರಂತೆ. ಈ ಸಂಗತಿಯನ್ನು ಓದಿ ಹೇಳಿದ ಕೂಡಲೆ ನಮ್ಮ ಮನೆಯಾಕೆ ತನ್ನ ಸಾಮಾನಿನ ಪೆಟ್ಟಿಗೆಗೆ ಬೀಗ ಹಾಕಿದಳು. ನಾವು ವಿದ್ಯುತ್ ಕೆಲಸದವರು ಬಿಟ್ಟುಹೋಗಿದ್ದ 25 ಮಿಲಿಮೀಟರ್ ಪಿ.ವಿ.ಸಿ. ಪೈಪಿನ ತುಂಡನ್ನು ಹುಡುಕಿ ತೆಗೆದೆವು. ಐದು ಸೆಂಟಿಮೀಟರಿಗೆ ಕೊಯ್ದು, ಅಂಚನ್ನು ಮರಳು ಕಾಗದದಿಂದ ಉಜ್ಜಿ, ಸುತ್ತಲೂ ಹತ್ತು ಹನ್ನೆರಡು ತೂತು ಕೊರೆದೆವು. ಕಾದ ಮೊಳೆಯಿಂದಲೂ ತೂತು ಬೀಳುತ್ತದೆ, ಆದರೆ ಆ ಹೊಗೆ ಒಳ್ಳೆಯದಲ್ಲ. ಕೈಕೊರೆಯುಳಿಯೇ ಲೇಸು.

ಇನ್ನು ತೂಕದ ಮಾತು. ಗಾಳಕ್ಕೆ ಹಳೆಯ ಕಾಲದಿಂದ ಸೀಸವೇ ರೂಢಿ. ಆದರೆ ಬಿದ್ದುಹೋದ ಸೀಸದ ಗುಂಡುಗಳನ್ನು ಕಲ್ಲಿನೊಂದಿಗೆ ನುಂಗಿ ಹಂಸಗಳು ಸತ್ತವೆಂದು ಇಂಗ್ಲೆಂಡಿನಲ್ಲಿ 1987ರಿಂದ 28 ಗ್ರಾಮಿನವರೆಗಿನ ಹೆಚ್ಚಿನ ಸೀಸದ ತೂಕಗಳ ಮಾರಾಟವನ್ನೇ ನಿಲ್ಲಿಸಿದರು. ನಾವು ಸೀಸವನ್ನು ಮನೆಯೊಳಕ್ಕೆ ತರಲಿಲ್ಲ. ಮಕ್ಕಳ ಕೈಗೆ ಅದು ಸಲ್ಲದು. ಸುಮಾರು 30 ಗ್ರಾಮಾಗುವಷ್ಟು ಕಬ್ಬಿಣದ ನಟ್ಟುಗಳನ್ನು ತಂತಿಯಲ್ಲಿ ಪೋಣಿಸಿ ಕೊಳವೆಯ ಒಂದು ಮಗ್ಗುಲಿಗೆ ಬಿಗಿದೆವು. ಒಂದೇ ಮಗ್ಗುಲಿಗೆ ಬಿಗಿದರೆ ಬುತ್ತಿ ತಳದಲ್ಲಿ ಹೊರಳದೆ ಕೂರುತ್ತದೆ. ಹಿಟ್ಟು ತುಂಬಿದ ಮೇಲಿನ ತೂಕ ಕೋಲು ತಾಳುವಷ್ಟರೊಳಗಿರಬೇಕು. ಕೋಲಿನ ಮೇಲೆಯೇ ಅದನ್ನು ಬರೆದಿರುತ್ತಾರೆ. ಅಡಿಗೆಮನೆಯ ತಕ್ಕಡಿ ಇದಕ್ಕೆ ಸಾಕು.

ಹಿಟ್ಟಿನ ಖಾತೆ ತಂದೆಯವರದು. ಗೋಧಿಯ ತೌಡು ಎರಡು ಪಾಲು, ಪುಡಿ ಮಾಡಿದ ಕಡಲೆಕಾಯಿ ಹಿಂಡಿ ಒಂದು ಪಾಲು, ಹುರಿಗಡಲೆ ಹಿಟ್ಟು ಅರ್ಧ ಪಾಲು, ಒಂದು ಚೂರು ಬೆಲ್ಲ. ನೀರನ್ನು ಚಿಮುಕಿಸಿ ಚಿಮುಕಿಸಿ ಕಲಸಬೇಕು. ಮುಷ್ಟಿಯಲ್ಲಿ ಹಿಸುಕಿದರೆ ಉಂಡೆಯಾಗಬೇಕು, ಹೆಬ್ಬೆರಳಲ್ಲಿ ಒತ್ತಿದರೆ ಉದುರಬೇಕು. ಅದೇ ಹದ. ಬಚ್ಚಲಿನ ಬಕೆಟ್ಟಿನಲ್ಲಿ ಬುತ್ತಿಯನ್ನು ಇಳಿಬಿಟ್ಟು ಗಡಿಯಾರ ನೋಡಿದರೆ ಹತ್ತು ನಿಮಿಷದೊಳಗೆ ಹಿಟ್ಟು ಬಿಡಬೇಕು. ಬಿಡದಿದ್ದರೆ ನೀರು ಹೆಚ್ಚಾಗಿದೆ ಅಥವಾ ಗಿಡಿದು ತುಂಬಿದೆ. ‘ಗಿಡಿಬ್ಯಾಡ ಕೂಸೇ, ಸಡ್ಲುಕೆ ತುಂಬು’ ಎಂದು ತಾತ ಹೇಳುವರು. ‘ಸಡ್ಲುಕೆ ಅಂದರೇನು?’ ಎಂದು ಮೊಮ್ಮಗ ಕೇಳುವನು. ತೌಡು, ಹಿಂಡಿ, ಹದ, ಸಡಿಲ ಇತ್ಯಾದಿ ಮಾತುಗಳು ನಮ್ಮ ಹುಡುಗನಿಗೆ ಬಂದದ್ದು ಪುಸ್ತಕದಿಂದಲ್ಲ, ಆ ಬಕೆಟ್ಟಿನಿಂದ.

ಎರಡನೆಯ ಆದಿತ್ಯವಾರ ನಮ್ಮದೇ ಬುತ್ತಿಗಳೊಂದಿಗೆ ಪೊವಾಯಿಗೆ ಹೋದೆವು. ಕಾಟ್ಲಾ ಮೇಲಿನ ನೀರಿನಲ್ಲಿ ಮೇಯುತ್ತದೆ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ. ತಳಕ್ಕೆ ಕೂರುವ ಬುತ್ತಿಗೆ ಹೆಚ್ಚಾಗಿ ಬರತಕ್ಕವು ಮೃಗಾಲ್, ಹಿಟ್ಟಿನ ವಾಸನೆಗೆ ಇಳಿದು ಬಂದ ರೋಹು. ಹತ್ತು ನಿಮಿಷಕ್ಕೊಮ್ಮೆ ಅದೇ ಜಾಗಕ್ಕೆ ಬೀಳುವಂತೆ ಎಸೆಯಬೇಕು. ಬೇರೆ ಬೇರೆ ಕಡೆ ಎಸೆದರೆ ಊರಿಗೆಲ್ಲ ಊಟ ಹಾಕಿದಂತಾಗಿ ಯಾರೂ ನಮ್ಮ ಪಂಕ್ತಿಗೆ ಬಾರರು. ಹುಡುಗ ಶ್ರದ್ಧೆಯಿಂದ ಎಸೆದ. ಒಂಬತ್ತು ಗಂಟೆಯ ಹೊತ್ತಿಗೆ ಕೋಲಿನ ತುದಿ ಒಮ್ಮೆ ನಡುಗಿತು, ಮರುಕ್ಷಣ ಬಿಲ್ಲಿನಂತೆ ಬಗ್ಗಿತು. ರೀಲು ಕಿರ್ರೆಂದಿತು. ಹುಡುಗ ಗಾಬರಿಯಲ್ಲಿ ರೀಲನ್ನು ಬಿಗಿಹಿಡಿದ. ಟಪ್ಪೆಂದು ದಾರ ಹರಿಯಿತು.

ದೊಡ್ಡ ಮೀನು ತಪ್ಪಿತೆಂದು ನಾವು ನಕ್ಕೆವು. ತಂದೆಯವರು ನಗಲಿಲ್ಲ. ಮನೆಗೆ ಬರುವವರೆಗೂ ಮಾತಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ, ‘ದಾರ ಎಲ್ಲಿ ಹರೀತು?’ ಎಂದರು. ಬುತ್ತಿಯ ಮೇಲೆ ಎಂದೆವು.

‘ಅಂದ್ರೆ ಬುತ್ತಿ ಮೀನಿನ ಜೊತೆಗೇ ಹೋಯ್ತು. ಬಾಯಲ್ಲಿ ಬರೀ ಕೊಕ್ಕೆ ಇದ್ರೆ ಇವತ್ತಲ್ಲ ನಾಳೆ ಉದುರ್ತದೆ. ಬೆನ್ನಿಂದೆ ಕಬ್ಬಿಣ ಎಳ್ಕೊಂಡು ಅದು ಎಷ್ಟು ದಿನ ಈಜ್ತದೆ? ಆ ಕಳೇಲಿ ಸಿಕ್ಕಾಕೊಂಡ್ರೆ ಮುಗೀತು. ತಿನ್ನಾಕೆ ಹಿಡಿದ್ರೆ ಒಂದು ಮಾತು. ಇದು ಅನ್ಯಾಯ.’

ಹುಡುಗ ತಟ್ಟೆಯನ್ನು ಸರಿಸಿ ಎದ್ದುಹೋದ. ನಮಗೂ ತುತ್ತು ಇಳಿಯಲಿಲ್ಲ. ತಪ್ಪು ನಮ್ಮದೇ ಆಗಿತ್ತು. ಕೊಳವೆಯ ಮೇಲ್ತುದಿಗೆ ರೀಲಿನ ದಾರವನ್ನೂ ಕೆಳತುದಿಗೆ ಕೊಕ್ಕೆಯ ದಾರವನ್ನೂ ನಾವೇ ಗಂಟು ಹಾಕಿದ್ದೆವು. ಬುತ್ತಿ ಚೆನ್ನಾಗಿ ಕೂರಲೆಂದು ಯೋಚಿಸಿದ್ದೆವೇ ಹೊರತು, ದಾರ ಹರಿದರೆ ಮೀನಿನ ಗತಿಯೇನೆಂದು ಯೋಚಿಸಿರಲಿಲ್ಲ.

ಮರುವಾರ ಮಿತ್ರರಿಗೆ ಇದನ್ನು ಹೇಳಿದಾಗ ದಂಡೆಯಲ್ಲಿದ್ದ ಒಬ್ಬ ವೃದ್ಧ ಮರಾಠಿ ಗೃಹಸ್ಥರು ಎದ್ದುಬಂದರು. ನಮ್ಮ ಬುತ್ತಿಯನ್ನು ಕೈಗೆ ತೆಗೆದುಕೊಂಡು ತಂದೆಯವರ ಪಕ್ಕದಲ್ಲಿ ಕುಳಿತರು. ಒಬ್ಬರಿಗೆ ಕನ್ನಡ ಬಾರದು, ಇನ್ನೊಬ್ಬರಿಗೆ ಮರಾಠಿ ಬಾರದು. ಆದರೆ ಆ ನಾಲ್ಕು ಕೈಗಳು ಅರ್ಧ ಗಂಟೆ ಮಾತಾಡಿಕೊಂಡವು. ಗಂಟುಗಳನ್ನು ಬಿಚ್ಚಿ, ಕೊಳವೆಯ ನೆತ್ತಿಗೆ ತಂತಿಯ ಒಂದು ಬಳೆ ಕಟ್ಟಿದರು. ರೀಲಿನ ದಾರವನ್ನು ಆ ಬಳೆಯೊಳಗಿಂದ ಸುಮ್ಮನೆ ಹಾಯಿಸಿದರು. ಅದರ ಕೆಳಗೆ ಒಂದು ಮಣಿ, ಮಣಿಯ ಕೆಳಗೆ ತಿರುಗುವ ಪುಟ್ಟ ಕೊಂಡಿ, ಕೊಂಡಿಗೆ ಒಂದಡಿಯ ಕೊಕ್ಕೆಯ ದಾರ. ಬುತ್ತಿ ದಾರದ ಮೇಲೆ ಜಾರಾಡುತ್ತದೆ, ಎಲ್ಲಿಯೂ ಕಟ್ಟಿಲ್ಲ. ಮೇಲೆ ದಾರ ಹರಿದರೆ ತುದಿ ಬಳೆಯಿಂದ ಜಾರಿ ಹೊರಬರುತ್ತದೆ, ಮೀನಿಗೆ ಭಾರ ತಪ್ಪುತ್ತದೆ. ಅಷ್ಟೇ ಅಲ್ಲದೆ ಕೊಕ್ಕೆಯ ದಾರ ರೀಲಿನ ದಾರಕ್ಕಿಂತ ಬಲಹೀನವಾಗಿರಬೇಕು. ರೀಲಿನದು ಆರು ಕಿಲೋ ತಾಳುವುದಾದರೆ ಕೊಕ್ಕೆಯದು ನಾಲ್ಕು ಕಿಲೋ. ಆಗ ಹರಿಯುವುದು ಕೊಕ್ಕೆಯ ಹತ್ತಿರ, ಬುತ್ತಿ ನಮ್ಮಲ್ಲಿಯೇ ಉಳಿಯುತ್ತದೆ, ಕೆರೆಗೆ ಕಸವೂ ಆಗದು. ಮನೆಯಲ್ಲಿ ಫೀಡರ್ ಮಾಡುವವರು ಮಿಕ್ಕೆಲ್ಲವನ್ನು ಮರೆತರೂ ಈ ಒಂದು ಮಾತನ್ನು ಮರೆಯಬಾರದು. ಎಸೆಯುವ ಮುನ್ನ ಬುತ್ತಿಯನ್ನು ಹಿಡಿದು ದಾರವನ್ನೆಳೆದು, ಸರಾಗವಾಗಿ ಜಾರುವುದೇ ಎಂದು ನೋಡಬೇಕು.

ಆ ದಿನ ಒಂದು ರೋಹು ಸಿಕ್ಕಿತು. ಎರಡು ಕಿಲೋ ಇದ್ದೀತು. ಹುಡುಗನೇ ಎಳೆದ, ತಾತ ಬಲೆಯೊಡ್ಡಿದರು. ಒದ್ದೆ ಕೈಯಲ್ಲಿ ಹಿಡಿದು, ಕೊಕ್ಕೆ ಬಿಡಿಸಿ, ನೀರಿಗೆ ಬಿಟ್ಟೆವು. ತಂದೆಯವರಿಗೆ ಇದು ಮಾತ್ರ ಕೊನೆಯವರೆಗೂ ಒಪ್ಪಿಗೆಯಾಗಲಿಲ್ಲ. ‘ಹಿಡಿದು ಬುಡಾಕೆ ಇಷ್ಟು ಪಾಡಾ?’ ಎಂದು ರೈಲಿನಲ್ಲಿಯೂ ಗೊಣಗಿದರು. ಕೊಳಚೆ ಸೇರುವ ನೀರಿನ ಮೀನು ಸಾರಿಗೆ ಬೇಡವೆಂದು ಎಷ್ಟು ಹೇಳಿದರೂ, ‘ಹಾಗಾದ್ರೆ ನೀರು ಸರಿ ಮಾಡಿ’ ಎಂಬುದೇ ಅವರ ಉತ್ತರ. ಆ ಉತ್ತರಕ್ಕೆ ನಮ್ಮಲ್ಲಿ ಮರುತ್ತರವಿರಲಿಲ್ಲ.

ಯುಗಾದಿಗೆ ಮುಂಚೆ ತಂದೆಯವರು ಊರಿಗೆ ಹೊರಟೇಬಿಟ್ಟರು. ನಾವು ತಡೆದೆವು, ಅವರು ಕೇಳಲಿಲ್ಲ. ಮುನಿಸಿನಿಂದ ಹೋದವರಲ್ಲ. ‘ನಿಮ್ಮೂರು ಕಂಡೆ. ಮಳೆ ಮುಗುದ್ಮೇಲೆ ಬತ್ತೀನಿ’ ಎಂದರು. ಹಿಂದೆ ಬಂದಾಗ ಅವರು ಆಡಿರದ ಮಾತು ಅದು. ಬಿಸ್ಕತ್ತಿನ ಡಬ್ಬಿಯಲ್ಲಿ ಹದಿನಾಲ್ಕು ಬುತ್ತಿಗಳನ್ನು ಮಾಡಿಟ್ಟು ಹೋಗಿದ್ದಾರೆ. ಅವುಗಳಲ್ಲಿ ನಾಲ್ಕು ಬಿದಿರಿನವು. ‘ಪ್ಲಾಸ್ಟಿಕ್ಕು ಕೆರೇಲಿ ಬಿದ್ರೆ ಕೊಳೆಯಕಿಲ್ಲ’ ಎಂದು ತಾವೇ ಬಿದಿರನ್ನು ಹುಡುಕಿ ತಂದು, ಸೀಳಿ, ತೂತು ಕೊರೆದವು. ಬಿದಿರು ತೇಲುವುದರಿಂದ ಅವಕ್ಕೆ ಒಂದೆರಡು ನಟ್ಟು ಹೆಚ್ಚಿಗೆ ಬೇಕಾಯಿತು.

ಈಗ ಪ್ರತಿ ಶನಿವಾರ ರಾತ್ರಿ ಹುಡುಗ ಊರಿಗೆ ಫೋನು ಮಾಡುತ್ತಾನೆ. ಹಿಟ್ಟು ಕಲಸಿದ್ದು, ತೌಡು ಸಿಕ್ಕದೆ ಬ್ರೆಡ್ಡಿನ ಪುಡಿ ಹಾಕಿದ್ದು, ಜಲಕಳೆ ಎಷ್ಟು ಹಬ್ಬಿದೆ ಎಂಬುದು, ಎಲ್ಲವನ್ನೂ ತಪ್ಪುತಪ್ಪು ಕನ್ನಡದಲ್ಲಿ ವರದಿ ಒಪ್ಪಿಸುತ್ತಾನೆ. ಅತ್ತ ಕಡೆಯಿಂದ ಎಲ್ಲಕ್ಕಿಂತ ಮೊದಲು ಬರುವ ಪ್ರಶ್ನೆ ಒಂದೇ:

‘ದಾರ ಜಾರ್ತದಾ ಮಗ? ನೋಡ್ದಾ?’

ನೋಡಿದೆ ತಾತ ಎಂದು ಹೇಳಿ ಹುಡುಗ ಫೋನು ಹಿಡಿದೇ ಡಬ್ಬಿಯ ಕಡೆ ಹೋಗುತ್ತಾನೆ, ಇನ್ನೊಮ್ಮೆ ನೋಡಲು.